ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ ಕಟ್ಟಡ ಮಾನದಂಡಗಳನ್ನು ಓದಬೇಕೇ? ಐಚ್ಛಿಕ ವಿಷಯಗಳ ಆಯ್ಕೆಯ ಬಗ್ಗೆ ಸಲಹೆ ಬೇಕಾಗಿದೆ

ಪ್ರಶ್ನೆ: ಮೂರನೇ ವರ್ಷದ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ.

ನಾನು ಕೆಮಿಕಲ್ ಎಂಜಿನಿಯರಿಂಗ್ ಪದವಿಯ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಥರ್ಮೋಡೈನಮಿಕ್ಸ್, ದ್ರವ ಚಲನಶಾಸ್ತ್ರ ಮತ್ತು ಉಷ್ಣ ವರ್ಗಾವಣೆ ಮುಗಿದಿವೆ. ರಿಯಾಕ್ಷನ್ ಎಂಜಿನಿಯರಿಂಗ್ ಮತ್ತು ಮಾಸ್ ಟ್ರಾನ್ಸ್‌ಫರ್ ಈಗ ನಡೆಯುತ್ತಿವೆ. ಕೊನೆಯ ವರ್ಷಕ್ಕೆ ಮೂರು ಐಚ್ಛಿಕ ವಿಷಯಗಳ ಪೈಕಿ ಎರಡನ್ನು ಆರಿಸಿಕೊಳ್ಳಬೇಕಾಗಿದೆ. ಮೊದಲನೆಯದು ನಮ್ಮದೇ ವಿಭಾಗದ ಪ್ರೊಸೆಸ್ ಸೇಫ್ಟಿ (ರಾಸಾಯನಿಕ ಪ್ರಕ್ರಿಯೆಗಳಲ್ಲಿ ಸೋರಿಕೆ, ಬೆಂಕಿ, ಸ್ಫೋಟಗಳನ್ನು ತಡೆಯುವ ವಿಷಯ), ಎರಡನೆಯದು ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತೆ, ಮೂರನೆಯದು ಸಿವಿಲ್ ವಿಭಾಗದವರು ಕಲಿಸುವ ಕಟ್ಟಡ ಮಾನದಂಡಗಳು ಮತ್ತು ಅಗ್ನಿ ಸುರಕ್ಷತೆ.

ಮೂರನೆಯದು ಕಟ್ಟಡ ಕಟ್ಟುವವರಿಗೆ ಸೇರಿದ್ದು, ಅದರಿಂದ ನಮಗೇನೂ ಪ್ರಯೋಜನವಿಲ್ಲ ಎಂದು ಸಹಪಾಠಿಗಳು ಹೇಳುತ್ತಿದ್ದಾರೆ. ಆದರೆ ಪ್ರೊಸೆಸ್ ಸೇಫ್ಟಿಯ ಪಠ್ಯಕ್ರಮವನ್ನು ತೆರೆದು ನೋಡಿದರೆ ಅದರಲ್ಲಿಯೂ ಸ್ಥಾವರದ ವಿನ್ಯಾಸ, ಕಟ್ಟಡಗಳ ನಡುವಿನ ಅಂತರ, ಗಾಳಿಯಾಟ, ವಿದ್ಯುತ್ ಉಪಕರಣಗಳ ಅಪಾಯ ವಲಯ ಮುಂತಾದ ಅಧ್ಯಾಯಗಳಿವೆ. ಹಾಗಿದ್ದರೆ ಈ ಮೂರು ವಿಷಯಗಳು ನಿಜವಾಗಿ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ.

ಇನ್ನೊಂದು ಅನುಮಾನವೂ ಇದೆ. ಮಾನದಂಡ ಎಂದರೆ ಕೋಷ್ಟಕಗಳು. ಕೆಲಸಕ್ಕೆ ಸೇರಿದ ಮೇಲೆ ಬೇಕಾದಾಗ ತೆರೆದು ನೋಡಿಕೊಳ್ಳಬಹುದಾದವು. ಅವುಗಳನ್ನು ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕುಳಿತು ಓದುವುದರಿಂದ ಏನು ಕಲಿತಂತಾಗುತ್ತದೆ? ಉದ್ಯಮದಲ್ಲಿ ಇರುವವರೂ ಪಾಠ ಮಾಡುವವರೂ ದಯವಿಟ್ಟು ತಿಳಿಸಬೇಕು.

ಉತ್ತರ 1: ಸ್ಥಾವರ ಸುರಕ್ಷತಾ ಎಂಜಿನಿಯರ್

ನಿಮ್ಮ ಪ್ರಶ್ನೆಯನ್ನು ಎರಡು ಅಪಘಾತಗಳ ಮೂಲಕ ನೋಡೋಣ. ಈ ವಿಷಯಗಳನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿಬಿಟ್ಟಾಗ ಯಾವ ಪ್ರಶ್ನೆ ಯಾರ ಕೈಗೂ ಸಿಗದೆ ನಡುವೆ ಉಳಿದುಬಿಡುತ್ತದೆ ಎಂಬುದು ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲನೆಯದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ, 1974ರ ಜೂನ್ 1. ಸೈಕ್ಲೋಹೆಕ್ಸೇನನ್ನು ಉತ್ಕರ್ಷಿಸುವ ಆರು ರಿಯಾಕ್ಟರುಗಳು ಅಲ್ಲಿ ಸಾಲಾಗಿ ಇದ್ದವು. ಐದನೆಯದರಲ್ಲಿ ಬಿರುಕು ಕಂಡುಬಂದಾಗ ಅದನ್ನು ತೆಗೆದು, ನಾಲ್ಕನೆಯದರಿಂದ ಆರನೆಯದಕ್ಕೆ ನೇರವಾಗಿ ಒಂದು ಬಾಗಿದ ಪೈಪನ್ನು ಜೋಡಿಸಿದರು. ರಿಯಾಕ್ಟರುಗಳ ಬಾಯಿ 28 ಇಂಚಿನದು, ಸಿಕ್ಕ ಪೈಪು 20 ಇಂಚಿನದು. ಎರಡು ತುದಿಗಳಲ್ಲೂ ಬೆಲ್ಲೋಸ್, ಅಂದರೆ ಹಿಗ್ಗಿ ಕುಗ್ಗಬಲ್ಲ ಜೋಡಣೆಗಳು, ಇದ್ದವು. ಪೈಪಿಗೆ ಆಧಾರವಾಗಿ ಕೊಟ್ಟದ್ದು ಸ್ಕ್ಯಾಫೋಲ್ಡಿಂಗ್ ಕಂಬಗಳನ್ನು. ವಿನ್ಯಾಸದ ರೇಖಾಚಿತ್ರವೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳಷ್ಟೇ. ಆಂತರಿಕ ಒತ್ತಡದಿಂದ ಆ ಬಾಗಿದ ಪೈಪಿನ ಮೇಲೆ ಬೀಳುವ ತಿರುಚುವ ಬಲವನ್ನು ಯಾರೂ ಲೆಕ್ಕ ಹಾಕಲಿಲ್ಲ. ಆ ಲೆಕ್ಕವನ್ನು ಮಾಡಬಲ್ಲ ಮೆಕ್ಯಾನಿಕಲ್ ಎಂಜಿನಿಯರ್ ಹುದ್ದೆ ಆಗ ಖಾಲಿಯಿತ್ತು. ಪೈಪು ಕಿತ್ತುಹೋಗಿ ಹತ್ತಾರು ಟನ್ ಸೈಕ್ಲೋಹೆಕ್ಸೇನ್ ಆವಿಯ ಮೋಡವಾಗಿ ಹೊರಬಂತು. ಆ ಮೋಡ ಸ್ಫೋಟಿಸಿತು. ಸತ್ತವರು 28 ಮಂದಿ.

ಇಷ್ಟು ಸಂಗತಿ ಎಲ್ಲ ಪ್ರೊಸೆಸ್ ಸೇಫ್ಟಿ ತರಗತಿಗಳಲ್ಲೂ ಬರುತ್ತದೆ. ನೀವು ಗಮನಿಸಬೇಕಾದದ್ದು ಮುಂದಿನದು: ಆ 28 ಮಂದಿಯಲ್ಲಿ 18 ಮಂದಿ ಸತ್ತದ್ದು ಕಂಟ್ರೋಲ್ ರೂಮಿನಲ್ಲಿ. ಕಿಟಕಿಯ ಗಾಜುಗಳು ಒಡೆದು ಒಳಕ್ಕೆ ನುಗ್ಗಿದವು, ಚಾವಣಿ ಕುಸಿಯಿತು, ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಅಂದು ಶನಿವಾರವಾಗಿದ್ದರಿಂದ ಕಚೇರಿಯ ಕಟ್ಟಡಗಳಲ್ಲಿ ಹೆಚ್ಚು ಜನ ಇರಲಿಲ್ಲ. ಕೆಲಸದ ದಿನವಾಗಿದ್ದರೆ ಸಾವಿನ ಸಂಖ್ಯೆ ಇನ್ನೂ ಬಹಳ ಹೆಚ್ಚಾಗುತ್ತಿತ್ತು. ಸಾಧಾರಣ ಗಾಳಿ, ಮಳೆ, ಭಾರಗಳಿಗೆ ಆ ಕಟ್ಟಡ ಸಾಕಾಗಿತ್ತು. ಪಕ್ಕದ ರಿಯಾಕ್ಟರಿನಿಂದ ಎಷ್ಟು ಒತ್ತಡದ ಅಲೆ ಬರಬಹುದು ಎಂಬ ಸಂಖ್ಯೆಯನ್ನು ಕಟ್ಟಡ ವಿನ್ಯಾಸಕಾರನಿಗೆ ಹೇಳಬೇಕಾದವನು ಕೆಮಿಕಲ್ ಎಂಜಿನಿಯರ್. ಹಾಗೆ ಹೇಳುವ ರೂಢಿ ಅಂದು ಇರಲಿಲ್ಲ.

ಎರಡನೆಯದು ಅಮೆರಿಕದ ಟೆಕ್ಸಸ್ ಸಿಟಿಯ ತೈಲ ಸಂಸ್ಕರಣಾಗಾರ, 2005ರ ಮಾರ್ಚ್ 23. ಘಟಕವನ್ನು ಮತ್ತೆ ಚಾಲೂ ಮಾಡುವಾಗ ಒಂದು ಡಿಸ್ಟಿಲೇಶನ್ ಕಾಲಂ ಮಿತಿ ಮೀರಿ ತುಂಬಿತು. ದ್ರವ ಉಕ್ಕಿ ಮೇಲಿನ ಪೈಪಿಗೆ ಹರಿದು, ಹೆಚ್ಚಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವುಗಳು ತೆರೆದುಕೊಂಡು, ನೇರವಾಗಿ ವಾತಾವರಣಕ್ಕೆ ತೆರೆದಿದ್ದ ಹಳೆಯ ಕಾಲದ ಬ್ಲೋಡೌನ್ ಚಿಮಣಿಯಿಂದ ಹೊರಚೆಲ್ಲಿತು. ಸತ್ತವರು 15 ಮಂದಿ, ಗಾಯಗೊಂಡವರು ಸುಮಾರು 180. ಸತ್ತ 15 ಮಂದಿಯೂ ಹತ್ತಿರದಲ್ಲಿ ತಂದು ನಿಲ್ಲಿಸಿದ್ದ ತಾತ್ಕಾಲಿಕ ಟ್ರೇಲರ್ ಕಚೇರಿಗಳ ಒಳಗೆ ಅಥವಾ ಸುತ್ತಮುತ್ತ ಇದ್ದವರು. ಟ್ರೇಲರುಗಳಲ್ಲಿ ಒಂದು ಆ ಚಿಮಣಿಯಿಂದ ಸುಮಾರು 37 ಮೀಟರ್ ದೂರದಲ್ಲಿತ್ತು. ಅಲ್ಲಿದ್ದವರು ಚಾಲೂ ಆಗುತ್ತಿದ್ದ ಘಟಕದ ಕೆಲಸಗಾರರಲ್ಲ, ಪಕ್ಕದ ಇನ್ನೊಂದು ಘಟಕದ ದುರಸ್ತಿಗೆ ಬಂದಿದ್ದ ಗುತ್ತಿಗೆಯವರು. ಆ ಹೊತ್ತಿನಲ್ಲಿ ಅವರು ಅಲ್ಲಿ ಇರಲೇಬೇಕಾದ ಅಗತ್ಯವೇ ಇರಲಿಲ್ಲ.

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ 1995ರಲ್ಲಿಯೇ ಎಪಿಐ 752 ಎಂಬ ಶಿಫಾರಸನ್ನು ಪ್ರಕಟಿಸಿತ್ತು. ಸ್ಥಾವರದೊಳಗೆ ಜನ ಇರುವ ಕಟ್ಟಡಗಳಿಗೆ ಸ್ಫೋಟ, ಬೆಂಕಿ, ವಿಷಾನಿಲಗಳಿಂದ ಒದಗುವ ಅಪಾಯವನ್ನು ಹೇಗೆ ಅಳೆಯಬೇಕು ಎಂಬುದು ಅದರ ವಸ್ತು. ಟೆಕ್ಸಸ್ ಸಿಟಿಯ ನಂತರ, 2007ರಲ್ಲಿ, ಸಾಗಿಸಬಹುದಾದ ತಾತ್ಕಾಲಿಕ ಕಟ್ಟಡಗಳಿಗಾಗಿಯೇ ಎಪಿಐ 753 ಬಂತು. ಇವನ್ನು ಕಟ್ಟಡ ಮಾನದಂಡ ಎನ್ನುತ್ತೀರೋ ಪ್ರೊಸೆಸ್ ಸೇಫ್ಟಿ ಎನ್ನುತ್ತೀರೋ? ನನ್ನ ಮಟ್ಟಿಗೆ ಎರಡೂ ಸರಿ. ಎಷ್ಟು ಆವಿ, ಎಷ್ಟು ಹೊತ್ತಿನಲ್ಲಿ, ಯಾವ ದಿಕ್ಕಿಗೆ ಎಂಬುದು ನಿಮ್ಮ ಲೆಕ್ಕ. ಆ ಒತ್ತಡಕ್ಕೆ ಗೋಡೆ ನಿಲ್ಲುತ್ತದೆಯೇ ಎಂಬುದು ಅವರ ಲೆಕ್ಕ. ಒತ್ತಡದ ಅಲೆ ಸುಮಾರು 1 ಕಿಲೋಪ್ಯಾಸ್ಕಲ್ ಇದ್ದರೆ ಗಾಜು ಒಡೆಯಬಹುದು. 7ರಲ್ಲಿ ಸಾಮಾನ್ಯ ಮನೆಗಳು ವಾಸಕ್ಕೆ ಬಾರದಷ್ಟು ಹಾಳಾಗುತ್ತವೆ. 14ರಿಂದ 21ರ ನಡುವೆ ಕಬ್ಬಿಣದ ಕಟ್ಟಿಲ್ಲದ ಕಾಂಕ್ರೀಟ್ ಬ್ಲಾಕಿನ ಗೋಡೆ ಚೂರಾಗುತ್ತದೆ. ವಾತಾವರಣದ ಒತ್ತಡ 101 ಕಿಲೋಪ್ಯಾಸ್ಕಲ್ ಎಂಬುದನ್ನು ನೆನೆದರೆ ಇವು ಎಷ್ಟು ಸಣ್ಣ ಸಂಖ್ಯೆಗಳು ಎಂಬುದು ತಿಳಿಯುತ್ತದೆ. ಬಯಲಿನಲ್ಲಿ ನಿಂತವನು ತಡೆದುಕೊಳ್ಳಬಲ್ಲ ಒತ್ತಡದಲ್ಲಿ ದುರ್ಬಲ ಕಟ್ಟಡದ ಒಳಗಿರುವವನು ಗೋಡೆಯ ಕೆಳಗೆ ಸಿಕ್ಕಿ ಸಾಯಬಹುದು. ಈ ಒಂದು ಸಂಗತಿಗಾಗಿಯೇ ಮೂರನೆಯ ವಿಷಯವನ್ನು ತಳ್ಳಿಹಾಕಬೇಡಿ ಎನ್ನುತ್ತೇನೆ.

ಉತ್ತರ 2: ರಿಯಾಕ್ಷನ್ ಎಂಜಿನಿಯರಿಂಗ್ ಪಾಠ ಮಾಡುವವರು

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ವಿದ್ಯಾರ್ಥಿಗಳಲ್ಲಿ ಬೇರೂರಿರುವ ಒಂದು ಭಾವನೆಯ ಬಗ್ಗೆ ಹೇಳಬೇಕಾಗಿದೆ. ಮುಖ್ಯ ವಿಷಯಗಳು ಒಂದು ಕಡೆ, ಸುರಕ್ಷತೆ ಇನ್ನೊಂದು ಕಡೆ ಎಂಬಂತೆ ಅವರು ಓದುತ್ತಾರೆ. ಪಠ್ಯಕ್ರಮದ ರಚನೆಯೂ ಹಾಗೆಯೇ ಇರುವುದರಿಂದ ತಪ್ಪು ಪೂರ್ತಿ ಅವರದೂ ಅಲ್ಲ.

2007ರ ಡಿಸೆಂಬರ್ 19ರಂದು ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಸಣ್ಣ ಕಾರ್ಖಾನೆ ಸ್ಫೋಟಗೊಂಡಿತು. ಪೆಟ್ರೋಲಿಗೆ ಸೇರಿಸುವ ಒಂದು ಮ್ಯಾಂಗನೀಸ್ ಸಂಯುಕ್ತದ ತಯಾರಿಕೆಯಲ್ಲಿ ಲೋಹರೂಪದ ಸೋಡಿಯಂ ಬಳಸುವ ಹಂತ ಅದು. ಪ್ರಯೋಗಾಲಯದಲ್ಲಿ ಒಂದು ಲೀಟರಿನ ಪಾತ್ರೆಯಲ್ಲಿ ಪರೀಕ್ಷಿಸಿದ ಕ್ರಿಯೆಯನ್ನು ಸುಮಾರು 9,300 ಲೀಟರಿನ ರಿಯಾಕ್ಟರಿಗೆ ಏರಿಸಿದ್ದರು. ಈಗ ನಿಮ್ಮ ಉಷ್ಣ ವರ್ಗಾವಣೆಯ ಮೊದಲ ಪಾಠವನ್ನು ನೆನಪಿಸಿಕೊಳ್ಳಿ. ಕ್ರಿಯೆಯಲ್ಲಿ ಹುಟ್ಟುವ ಶಾಖ ಪಾತ್ರೆಯ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ; ಗೋಡೆಯ ಮೂಲಕ ಹೊರಹೋಗುವ ಶಾಖ ಮೇಲ್ಮೈಗೆ ತಕ್ಕಂತೆ ಮಾತ್ರ. ಆಕಾರ ಒಂದೇ ಎಂದುಕೊಂಡರೂ 9,300 ಪಟ್ಟು ಗಾತ್ರಕ್ಕೆ ಹೋದಾಗ ಪ್ರತಿ ಲೀಟರಿಗೆ ಸಿಗುವ ಮೇಲ್ಮೈ ಸುಮಾರು ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಪಾತ್ರೆಯಲ್ಲಿ ತಾನಾಗಿಯೇ ತಣಿಯುವ ಮಿಶ್ರಣ ದೊಡ್ಡ ಪಾತ್ರೆಯಲ್ಲಿ ತಂಪುಗೊಳಿಸುವ ವ್ಯವಸ್ಥೆಯನ್ನೇ ನಂಬಿ ಬದುಕಬೇಕಾಗುತ್ತದೆ. ಅಲ್ಲಿ ಇದ್ದದ್ದು ರಿಯಾಕ್ಟರನ್ನು ಸುತ್ತುವರಿದ ಹೊರಕವಚಕ್ಕೆ, ಅಂದರೆ ಜಾಕೆಟ್ಟಿಗೆ, ನೀರು ಬಿಡುವ ಒಂದೇ ಒಂದು ವ್ಯವಸ್ಥೆ. ಅದಕ್ಕೆ ಬದಲಿ ಇರಲಿಲ್ಲ. ತಣಿಸುವಿಕೆ ಕೈಕೊಟ್ಟಾಗ ಉಷ್ಣತೆ ಏರಿ, ಸುಮಾರು 199 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಸೋಡಿಯಂ ಮತ್ತು ದ್ರಾವಕದ ನಡುವೆ ಮೊದಲನೆಯದಕ್ಕಿಂತ ಬಹಳ ಉಗ್ರವಾದ ಎರಡನೆಯ ಕ್ರಿಯೆ ಹೊತ್ತಿಕೊಂಡಿತು. ಅಂಥ ಕ್ರಿಯೆಯೊಂದು ಇದೆ ಎಂಬುದೇ ಅದನ್ನು ನಡೆಸುತ್ತಿದ್ದವರಿಗೆ ತಿಳಿದಿರಲಿಲ್ಲ.

ನಾಲ್ವರು ಸತ್ತರು, 32 ಮಂದಿ ಗಾಯಗೊಂಡರು. ಗಾಯಗೊಂಡವರಲ್ಲಿ 28 ಮಂದಿ ಆ ಕಾರ್ಖಾನೆಯವರೇ ಅಲ್ಲ, ಸುತ್ತಮುತ್ತಲಿನ ಬೇರೆ ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದವರು.

ಇದನ್ನು ನಿಮಗೆ ಹೇಳಲು ವಿಶೇಷ ಕಾರಣವಿದೆ. ತನಿಖೆ ನಡೆಸಿದ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನ್ನ ಶಿಫಾರಸುಗಳನ್ನು ವಿಶ್ವವಿದ್ಯಾಲಯಗಳ ಕಡೆಗೂ ತಿರುಗಿಸಿತು. ಕೆಮಿಕಲ್ ಎಂಜಿನಿಯರಿಂಗ್ ಪದವಿಯಲ್ಲಿ ಕ್ರಿಯಾಶೀಲ ರಾಸಾಯನಿಕಗಳ ಅಪಾಯವನ್ನು ಕಲಿಸಬೇಕೆಂದು ಅದು ಹೇಳಿತು. ಮಾನ್ಯತೆ ನೀಡುವ ಎಬಿಇಟಿ ಸಂಸ್ಥೆ ಆಮೇಲೆ ಕೆಮಿಕಲ್ ಎಂಜಿನಿಯರಿಂಗ್ ಕಾರ್ಯಕ್ರಮಗಳ ನಿಯಮದಲ್ಲಿ, ರಾಸಾಯನಿಕ ಪ್ರಕ್ರಿಯೆಗಳಿಗೆ ಸಂಬಂಧಿಸಿದ ಅಪಾಯಗಳೂ ಪಠ್ಯದಲ್ಲಿರಬೇಕು ಎಂಬ ಅಂಶವನ್ನು ಸೇರಿಸಿತು. ಆದ್ದರಿಂದ ಪ್ರೊಸೆಸ್ ಸೇಫ್ಟಿಯನ್ನು ಐಚ್ಛಿಕ ಎಂದು ಭಾವಿಸಬೇಡಿ. ಈಗ ಓದುತ್ತಿರುವ ರಿಯಾಕ್ಷನ್ ಎಂಜಿನಿಯರಿಂಗ್‌ನಲ್ಲಿ ಶಾಖದ ಸಮತೋಲನದ ಲೆಕ್ಕ ಬಂದಾಗ, ಸ್ಥಿರ ಸ್ಥಿತಿಯ ಉತ್ತರ ಸಿಕ್ಕ ಕೂಡಲೇ ಪುಟ ತಿರುಗಿಸದೆ, ತಂಪು ನೀರು ನಿಂತುಹೋದರೆ ಉಷ್ಣತೆ ಎಷ್ಟಕ್ಕೆ ಏರುತ್ತದೆ, ಅದಕ್ಕೆ ಎಷ್ಟು ಹೊತ್ತು ಬೇಕು ಎಂಬ ಎರಡು ಪ್ರಶ್ನೆಗಳನ್ನು ನೀವೇ ಕೇಳಿಕೊಂಡು ಬಿಡಿಸಿ. ಸುರಕ್ಷತೆಯ ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ.

ಉತ್ತರ 3: ಕೈಗಾರಿಕಾ ಕಟ್ಟಡಗಳ ಅಗ್ನಿ ಸುರಕ್ಷತಾ ವಿನ್ಯಾಸಕ

ನಾನು ಗೋಡೆಯ ಈಚೆ ಕಡೆಯವನು, ಅಂದರೆ ನಿಮ್ಮ ಮೂರನೆಯ ವಿಷಯದವನು. ಕೋಷ್ಟಕಗಳನ್ನು ಬೇಕಾದಾಗ ನೋಡಿಕೊಳ್ಳಬಹುದು ಎಂಬ ಮಾತಿಗೆ ಉತ್ತರಿಸುತ್ತೇನೆ. ಕೋಷ್ಟಕವನ್ನು ಯಾರು ಬೇಕಾದರೂ ನೋಡಬಹುದು. ಅದರ ಸಂಖ್ಯೆ ಯಾವ ಊಹೆಯ ಮೇಲೆ ನಿಂತಿದೆ, ನಿಮ್ಮ ಸಂದರ್ಭ ಆ ಊಹೆಯೊಳಗೆ ಬರುತ್ತದೆಯೇ ಎಂದು ತೀರ್ಮಾನಿಸಲು ಮಾತ್ರ ಓದಿರಬೇಕು.

ಒಂದು ಲೆಕ್ಕವನ್ನು ಮಾಡಿ ತೋರಿಸುತ್ತೇನೆ. ದ್ರಾವಕವನ್ನು ಡ್ರಮ್ಮುಗಳಿಗೆ ತುಂಬುವ ಕೋಣೆಯೊಂದಿದೆ ಎಂದುಕೊಳ್ಳಿ. ಉದ್ದ 10 ಮೀಟರ್, ಅಗಲ 8 ಮೀಟರ್. ಅಮೆರಿಕದ ಅಗ್ನಿ ರಕ್ಷಣಾ ಸಂಘ ಸುಡುವ ದ್ರವಗಳ ಕುರಿತು ಹೊರತಂದ ಎನ್‌ಎಫ್‌ಪಿಎ 30 ಮಾನದಂಡದಲ್ಲಿ ನೆಲದ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 0.3 ಘನ ಮೀಟರ್ ಗಾಳಿ ಎಂಬ ಕನಿಷ್ಠ ಮಟ್ಟವಿದೆ. 80 ಚದರ ಮೀಟರಿಗೆ ನಿಮಿಷಕ್ಕೆ 24 ಘನ ಮೀಟರ್ ಆಯಿತು. ಕಟ್ಟಡದವರು ಅಷ್ಟಕ್ಕೆ ಫ್ಯಾನು ಹಾಕಿ ಕೈತೊಳೆದುಕೊಳ್ಳಬಹುದು. ಈಗ ನೀವು ಬಂದು ಹೇಳಬೇಕಾದದ್ದು: ಅಲ್ಲಿ ಟಾಲ್ಯೂಯಿನ್ ಎಂಬ ದ್ರಾವಕ ಚೆಲ್ಲಿದರೆ ನಿಮಿಷಕ್ಕೆ ಎಷ್ಟು ಆವಿಯಾಗುತ್ತದೆ? ಒಂದು ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಟಾಲ್ಯೂಯಿನ್‌ನ ಅಣುಭಾರ 92 ಆಗಿರುವುದರಿಂದ ಅದು ಸುಮಾರು 10.9 ಮೋಲ್, 25 ಡಿಗ್ರಿಯಲ್ಲಿ ಸುಮಾರು 0.27 ಘನ ಮೀಟರ್ ಆವಿ. ಟಾಲ್ಯೂಯಿನ್ ಆವಿ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಸಾಂದ್ರತೆ ಗಾಳಿಯಲ್ಲಿ ಶೇ. 1.1. ಅದರ ನಾಲ್ಕನೆಯ ಒಂದು ಪಾಲಿನ ಒಳಗೆ ಇಡಬೇಕೆಂದರೆ, ಗಾಳಿ ಚೆನ್ನಾಗಿ ಬೆರೆಯುತ್ತದೆ ಎಂದು ಭಾವಿಸಿಕೊಂಡರೂ, ನಿಮಿಷಕ್ಕೆ ಸುಮಾರು 97 ಘನ ಮೀಟರ್ ಗಾಳಿ ಬೇಕು. ಕನಿಷ್ಠ ಮಟ್ಟದ ನಾಲ್ಕು ಪಟ್ಟು! ಹಿಂದಿನಿಂದ ಲೆಕ್ಕ ಹಾಕಿದರೆ, 24 ಘನ ಮೀಟರ್ ಗಾಳಿ ಸಾಕಾಗುವುದು ನಿಮಿಷಕ್ಕೆ ಕಾಲು ಕಿಲೋಗ್ರಾಂ ಆವಿಯಾಗುವವರೆಗೆ ಮಾತ್ರ. ಮಾನದಂಡ ತಪ್ಪೆಂದು ಇದರ ಅರ್ಥವಲ್ಲ. ಅದು ಕನಿಷ್ಠವನ್ನು ಹೇಳುತ್ತದೆ. ಚೆಲ್ಲುವ ಪ್ರಮಾಣವನ್ನು ಹೇಳುವುದು ನಿಮ್ಮ ಕೆಲಸ.

ಫ್ಯಾನಿನ ಬಾಯಿ ಎಲ್ಲಿರಬೇಕು ಎಂಬುದೂ ನಿಮ್ಮ ಮಾತನ್ನೇ ಅವಲಂಬಿಸಿದೆ. ಟಾಲ್ಯೂಯಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರವಾಗಿರುವುದರಿಂದ ನೆಲದ ಮಟ್ಟದಲ್ಲಿ ಹರಡಿ, ಚರಂಡಿಗೂ ಗುಂಡಿಗೂ ಇಳಿಯುತ್ತದೆ. ಹೊರಕ್ಕೆ ಎಳೆಯುವ ಬಾಯಿ ನೆಲದ ಹತ್ತಿರವಿರಬೇಕು. ಅದೇ ಕೋಣೆಯಲ್ಲಿ ನಾಳೆ ಹೈಡ್ರೋಜನ್ ಬಳಸಲು ಆರಂಭಿಸಿದರೆ, ಅದು ಶೇ. 4ರಿಂದ 75ರವರೆಗಿನ ಯಾವುದೇ ಸಾಂದ್ರತೆಯಲ್ಲಿ ಹೊತ್ತಿಕೊಳ್ಳುವ ಅನಿಲ, ಮೇಲಕ್ಕೇರಿ ತೊಲೆಗಳ ನಡುವಿನ ಸಂದುಗಳಲ್ಲಿ ನಿಲ್ಲುತ್ತದೆ. ಆಗ ಕೆಳಗಿನ ಫ್ಯಾನು ನಿರುಪಯುಕ್ತ. ಅಮೋನಿಯಾ ಹಗುರವಾದ ಅನಿಲವೆಂದು ಓದಿರುತ್ತೀರಿ. ಆದರೆ ಒತ್ತಡದಲ್ಲಿಟ್ಟ ದ್ರವ ಅಮೋನಿಯಾ ಸೋರಿದಾಗ ತಣ್ಣಗಿನ ತುಂತುರಿನೊಂದಿಗೆ ಅದು ನೆಲವನ್ನೇ ಹಿಡಿದು ಸಾಗಬಲ್ಲದು. ಪ್ರಕ್ರಿಯೆ ಬದಲಾದಾಗ ಕಟ್ಟಡವನ್ನೂ ಮತ್ತೆ ಪರಿಶೀಲಿಸಬೇಕು ಎಂಬ ಸೂಚನೆ ನಿಮ್ಮ ಕಡೆಯಿಂದ ಬರದಿದ್ದರೆ ನಮ್ಮ ಗಮನಕ್ಕೆ ಬರುವ ದಾರಿಯೇ ಇಲ್ಲ.

ಬೆಂಕಿಯ ವಿಷಯದಲ್ಲಿ ಒಂದೇ ಮಾತು. ಎರಡು ಗಂಟೆ ಬೆಂಕಿ ತಡೆಯುವ ಗೋಡೆ ಎಂದು ಪ್ರಮಾಣಪತ್ರದಲ್ಲಿದ್ದರೆ, ಯಾವ ಬೆಂಕಿಯ ಮುಂದೆ ಪರೀಕ್ಷಿಸಿದ್ದು ಎಂದು ಕೇಳಿ. ಮರ, ಕಾಗದ, ಬಟ್ಟೆ ಉರಿಯುವ ಸಾಮಾನ್ಯ ಬೆಂಕಿಗೆ ಬಳಸುವ ಐಎಸ್‌ಒ 834 ಪರೀಕ್ಷೆಯಲ್ಲಿ ಐದು ನಿಮಿಷಕ್ಕೆ ಕುಲುಮೆಯ ಉಷ್ಣತೆ ಸುಮಾರು 575 ಡಿಗ್ರಿಗೂ, ಒಂದು ಗಂಟೆಗೆ ಸುಮಾರು 945 ಡಿಗ್ರಿಗೂ ಏರುತ್ತದೆ. ಹೈಡ್ರೋಕಾರ್ಬನ್ ಬೆಂಕಿಗಾಗಿ ಇರುವ ಯುಎಲ್ 1709 ಪರೀಕ್ಷೆಯಲ್ಲಿ ಐದೇ ನಿಮಿಷದಲ್ಲಿ ಸುಮಾರು 1,093 ಡಿಗ್ರಿ. ರಕ್ಷಣೆಯಿಲ್ಲದ ಉಕ್ಕು 550 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಆ ಕಂಬದ ಮೇಲೆ ಟ್ಯಾಂಕು ಕುಳಿತಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ದ್ರವ, ಅನಿಲಗಳಷ್ಟೇ ಅಪಾಯ ಎಂದುಕೊಳ್ಳದಿರಲು ಇನ್ನೊಂದನ್ನು ಸೇರಿಸುತ್ತೇನೆ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 14 ಮಂದಿಯನ್ನು ಕೊಂದದ್ದು ಸಕ್ಕರೆಯ ಧೂಳು. ಮೊದಲ ಸ್ಫೋಟ ಮುಚ್ಚಿದ ಕನ್ವೇಯರಿನೊಳಗೆ ಆಯಿತು. ಅದರ ಅದುರಿಗೆ ತೊಲೆ, ನೆಲ, ಉಪಕರಣಗಳ ಮೇಲೆ ಕೂತಿದ್ದ ಧೂಳು ಎದ್ದು, ಒಂದರ ಹಿಂದೊಂದು ಸ್ಫೋಟಗಳು ಕಟ್ಟಡದುದ್ದಕ್ಕೂ ಸಾಗಿದವು. ಧೂಳು ಕೂರದಂತೆ ಇಳಿಜಾರಾದ ಅಂಚುಗಳು, ತೊಳೆಯಲು ಬರುವ ಗೋಡೆಗಳು, ಒತ್ತಡ ಹೊರಹೋಗಲು ಹಗುರವಾದ ಫಲಕಗಳು ಇವೆಲ್ಲ ಕಟ್ಟಡದ ವಿವರಗಳೇ. ಆದರೆ ಆ ಪುಡಿ ಸ್ಫೋಟಕವೇ ಅಲ್ಲವೇ ಎಂದು ಪರೀಕ್ಷಿಸಿ ಹೇಳುವವರು ನೀವು.

ಉತ್ತರ 4: ಔದ್ಯೋಗಿಕ ಆರೋಗ್ಯ ತಜ್ಞೆ

ಮೇಲಿನ ಟಾಲ್ಯೂಯಿನ್ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಉಳಿದ ಅರ್ಧವನ್ನು ನಾನು ಮಾಡುತ್ತೇನೆ.

ಹೊತ್ತಿಕೊಳ್ಳುವ ಕನಿಷ್ಠ ಸಾಂದ್ರತೆಯ ಕಾಲು ಪಾಲು ಎಂದರೆ ಹತ್ತು ಲಕ್ಷ ಭಾಗದಲ್ಲಿ 2,750 ಭಾಗ. ಎಂಟು ಗಂಟೆಯ ಕೆಲಸಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ಸೂಚಿಸುವ ಟಾಲ್ಯೂಯಿನ್ ಮಿತಿ 20 ಭಾಗ. ಬೆಂಕಿಯ ದೃಷ್ಟಿಯಿಂದ ಸುರಕ್ಷಿತ ಎಂದು ಸಹಿ ಹಾಕಿದ ಕೋಣೆಯಲ್ಲಿ ಕೆಲಸಗಾರ ತನ್ನ ಮಿತಿಗಿಂತ 137 ಪಟ್ಟು ಹೆಚ್ಚು ಆವಿಯನ್ನು ಉಸಿರಾಡುತ್ತಿರಬಹುದು. ಅದೇ ಒಂದು ಕಿಲೋಗ್ರಾಮನ್ನು ಗಾಳಿ ಬೆರೆಸಿಯೇ 20 ಭಾಗಕ್ಕೆ ಇಳಿಸಬೇಕೆಂದರೆ ನಿಮಿಷಕ್ಕೆ ಸುಮಾರು 13,300 ಘನ ಮೀಟರ್ ಗಾಳಿ ಬೇಕು, ಅಂಥ ಫ್ಯಾನನ್ನು ಯಾರೂ ಕೂರಿಸುವುದಿಲ್ಲ. ಆದ್ದರಿಂದ ಆವಿ ಹುಟ್ಟುವ ಜಾಗದಲ್ಲಿಯೇ ಅದನ್ನು ಹೀರಿಕೊಳ್ಳುವ ಹುಡ್ ಬೇಕು, ಅಥವಾ ತುಂಬುವ ವ್ಯವಸ್ಥೆಯನ್ನೇ ಪೂರ್ತಿ ಮುಚ್ಚಬೇಕು, ಅಥವಾ ದ್ರಾವಕವನ್ನೇ ಬದಲಿಸಬೇಕು. ಅಪಾಯವನ್ನು ತೆಗೆದುಹಾಕುವುದು, ಕಡಿಮೆ ಅಪಾಯದ್ದನ್ನು ತರುವುದು, ಯಂತ್ರ ವ್ಯವಸ್ಥೆಯಿಂದ ತಡೆಯುವುದು, ಕೆಲಸದ ಕ್ರಮದಿಂದ ತಡೆಯುವುದು, ಕೊನೆಗೆ ಮಾಸ್ಕು ಮತ್ತು ಕೈಗವಸು ಎಂಬ ಅನುಕ್ರಮವನ್ನು ನಮ್ಮ ವಿಷಯದಲ್ಲಿ ಮೊದಲ ವಾರವೇ ಕಲಿಸುತ್ತಾರೆ. ಕಾರ್ಖಾನೆಗಳಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ ಓದುವುದನ್ನು ಕಂಡು ಬೇಸರವಾಗುತ್ತದೆ.

ಸ್ಫೋಟಗಳು ಸುದ್ದಿಯಾಗುತ್ತವೆ, ಶ್ವಾಸಕೋಶ, ನರ, ಕಿವಿ ನಿಧಾನವಾಗಿ ಹಾಳಾಗುವುದು ಸುದ್ದಿಯಾಗುವುದಿಲ್ಲ. ತಕ್ಷಣವೇ ಕೊಲ್ಲುವವೂ ಸದ್ದಿಲ್ಲದೆ ಬರುತ್ತವೆ. ಹೈಡ್ರೋಜನ್ ಸಲ್ಫೈಡಿನ ಕೊಳೆತ ವಾಸನೆಯನ್ನು ನಂಬಿ ಕೂರುವಂತಿಲ್ಲ, ಹತ್ತು ಲಕ್ಷದಲ್ಲಿ 100 ಭಾಗದ ಆಸುಪಾಸಿನಲ್ಲಿ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆಮ್ಲಜನಕವನ್ನು ಹೊರದಬ್ಬಿ ಉಸಿರುಗಟ್ಟಿಸುವ ಸಾರಜನಕಕ್ಕಂತೂ ವಾಸನೆಯೇ ಇಲ್ಲ. ಟ್ಯಾಂಕಿನೊಳಗೆ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಇಳಿಯಬಾರದು ಎಂಬ ನಿಯಮವನ್ನು ಮೀರಿ ಇಳಿದವನು ಕುಸಿದಾಗ, ಅವನನ್ನು ಎತ್ತಲು ಧಾವಿಸಿ ಇಳಿದವನೂ ಸಾಯುವುದು ಮತ್ತೆ ಮತ್ತೆ ನಡೆಯುತ್ತಿದೆ. ಆ ಟ್ಯಾಂಕಿಗೆ ಮನುಷ್ಯ ಇಳಿಯಲೇಬೇಕಾದಂತೆ ವಿನ್ಯಾಸ ಮಾಡಿದವನು ಒಬ್ಬ ಎಂಜಿನಿಯರ್. ದಯವಿಟ್ಟು ಎರಡನೆಯ ವಿಷಯವನ್ನು ಸುಲಭದ ಅಂಕಗಳ ವಿಷಯವೆಂದು ಕೈಬಿಡಬೇಡಿ.

ಮೂರನೇ ವರ್ಷದ ವಿದ್ಯಾರ್ಥಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಾಲ್ಯೂಯಿನ್ ಲೆಕ್ಕವನ್ನು ನಾನೂ ಮಾಡಿ ನೋಡಿದೆ. ಮೂರು ವಿಷಯಗಳು ಎಲ್ಲಿ ಕೂಡುತ್ತವೆ ಎಂಬ ಪ್ರಶ್ನೆಗೆ ಆ ಒಂದು ಕೋಣೆಯೇ ಉತ್ತರವಾಗಿ ಕಾಣುತ್ತಿದೆ. ಪ್ರೊಸೆಸ್ ಸೇಫ್ಟಿಯನ್ನು ತೆಗೆದುಕೊಳ್ಳುವುದು ಖಚಿತ. ಉಳಿದ ಎರಡರಲ್ಲಿ ಒಂದನ್ನು ತರಗತಿಯಲ್ಲಿಯೂ ಇನ್ನೊಂದನ್ನು ಸ್ವಂತವಾಗಿಯೂ ಓದಬೇಕಾದರೆ ಯಾವುದನ್ನು ಎಲ್ಲಿ ಓದಲಿ? ಕೊನೆಯ ವರ್ಷದಲ್ಲಿ ಸ್ಥಾವರ ವಿನ್ಯಾಸದ ಪ್ರಾಜೆಕ್ಟ್ ಇದೆ. ಅದರಲ್ಲಿ ಇದನ್ನೆಲ್ಲ ಹೇಗೆ ತರಬಹುದು?

ಉತ್ತರ 2 ನೀಡಿದವರು

ಪಠ್ಯಕ್ರಮದ ಹೆಸರನ್ನು ನೋಡಿ ನಿರ್ಧರಿಸಬೇಡಿ. ಅಲ್ಲಿ ವಿದ್ಯಾರ್ಥಿಗಳಿಂದ ಏನು ಮಾಡಿಸುತ್ತಾರೆ ಎಂದು ಹಿಂದಿನ ವರ್ಷದವರನ್ನು ಕೇಳಿ. ಔದ್ಯೋಗಿಕ ಆರೋಗ್ಯದ ತರಗತಿಯಲ್ಲಿ ಗಾಳಿಯ ಮಾದರಿ ತೆಗೆದು ಅಳೆಯುವ, ಹುಡ್ಡಿನ ವೇಗವನ್ನು ಪರೀಕ್ಷಿಸುವ, ಶಬ್ದದ ಮಟ್ಟ ಅಳೆಯುವ ಪ್ರಯೋಗಗಳಿದ್ದರೆ ಅದನ್ನೇ ತೆಗೆದುಕೊಳ್ಳಿ, ಏಕೆಂದರೆ ಉಪಕರಣಗಳು ಸ್ವಂತ ಓದಿನಲ್ಲಿ ಸಿಗುವುದಿಲ್ಲ. ಅದು ಬರೀ ಕಾನೂನಿನ ಕಲಂಗಳನ್ನು ಒಪ್ಪಿಸುವ ತರಗತಿಯಾಗಿದ್ದು, ಕಟ್ಟಡದ ತರಗತಿಯಲ್ಲಿ ನಕ್ಷೆ ಓದುವುದನ್ನೂ ತಪ್ಪಿಸಿಕೊಳ್ಳುವ ದಾರಿಯ ಲೆಕ್ಕವನ್ನೂ ಮಾಡಿಸುತ್ತಿದ್ದರೆ ಮೂರನೆಯದಕ್ಕೆ ಹೋಗಿ.

ಉತ್ತರ 1 ನೀಡಿದವರು

ಪ್ರಾಜೆಕ್ಟಿನ ಬಗ್ಗೆ ಹೇಳುತ್ತೇನೆ. ಬಹುತೇಕ ವಿದ್ಯಾರ್ಥಿ ವರದಿಗಳಲ್ಲಿ ಸುರಕ್ಷತೆಯ ಅಧ್ಯಾಯ ಕೊನೆಯಲ್ಲಿ ಬರುತ್ತದೆ. ಹೆಲ್ಮೆಟ್ ಹಾಕಿಕೊಳ್ಳಬೇಕು, ಅಗ್ನಿಶಾಮಕಗಳಿರಬೇಕು ಎಂದು ಬರೆದು ಮುಗಿಸುತ್ತಾರೆ. ನೀವು ಫ್ಲೋಶೀಟ್ (ಪ್ರಕ್ರಿಯೆಯ ಹರಿವಿನ ನಕ್ಷೆ) ಸಿದ್ಧವಾದ ಕೂಡಲೇ, ಉಪಕರಣಗಳ ಗಾತ್ರ ನಿಗದಿಯಾಗುವ ಮೊದಲೇ, ಪ್ರತಿ ಪಾತ್ರೆಯಲ್ಲಿ ಎಷ್ಟು ವಸ್ತು, ಯಾವ ಒತ್ತಡ, ಯಾವ ಉಷ್ಣತೆ, ಅದರ ಕುದಿಬಿಂದು ಮತ್ತು ಫ್ಲ್ಯಾಶ್ ಪಾಯಿಂಟ್ (ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ) ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫ್ಲಿಕ್ಸ್‌ಬರೋದ ಸೈಕ್ಲೋಹೆಕ್ಸೇನ್ 81 ಡಿಗ್ರಿಯಲ್ಲಿ ಕುದಿಯುವ ದ್ರವ. ಅದನ್ನು ಒತ್ತಡದಲ್ಲಿಟ್ಟು ಸುಮಾರು 155 ಡಿಗ್ರಿಯಲ್ಲಿ ನಡೆಸುತ್ತಿದ್ದರು. ಅಷ್ಟು ಓದಿದರೇ ಹೊರಬಿದ್ದ ಕ್ಷಣ ಅದರ ದೊಡ್ಡ ಪಾಲು ಆವಿಯಾಗುತ್ತದೆ ಎಂದು ನಿಮ್ಮ ಥರ್ಮೋಡೈನಮಿಕ್ಸ್ ಹೇಳಬಲ್ಲದು. ಆ ಹಾಳೆಯಲ್ಲಿ ಅತಿ ಕೆಟ್ಟದಾಗಿ ಕಾಣುವ ಒಂದು ಪಾತ್ರೆಯನ್ನು ಆರಿಸಿ, ಅಲ್ಲಿನ ಪ್ರಮಾಣವನ್ನು ಕಡಿಮೆ ಮಾಡಲು ಸಾಧ್ಯವೇ ಎಂದು ಮೊದಲು ನೋಡಿ. ವಿನ್ಯಾಸದ ಆ ಹಂತದಲ್ಲಿ ಇದಕ್ಕೆ ಹೆಚ್ಚು ಖರ್ಚಿಲ್ಲ. ಕಾಂಕ್ರೀಟು ಬಿದ್ದ ಮೇಲೆ ಅದು ಅಸಾಧ್ಯವಾಗುತ್ತದೆ.

ಅದೇ ಪಾತ್ರೆಯ ಸುತ್ತಲಿನ ಪೈಪುಗಳಿಗೆ ಹ್ಯಾಜಾಪ್ ಎಂಬ ಅಪಾಯ ಪರಿಶೀಲನೆ ಮಾಡಿ. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಹರಿವು, ಒತ್ತಡ, ಉಷ್ಣತೆಗಳ ಮುಂದೆ ಇಲ್ಲ, ಹೆಚ್ಚು, ಕಡಿಮೆ, ಹಿಮ್ಮುಖ ಮುಂತಾದ ಪದಗಳನ್ನು ಒಂದೊಂದಾಗಿ ಇಟ್ಟು ಏನಾಗಬಹುದೆಂದು ಕೇಳಿಕೊಳ್ಳುತ್ತಾರೆ. ಇದನ್ನು ಒಬ್ಬರೇ ಮಾಡಲು ಆಗುವುದಿಲ್ಲ. ಸಿವಿಲ್ ಮತ್ತು ಇನ್‌ಸ್ಟ್ರುಮೆಂಟೇಶನ್ ವಿಭಾಗದ ಗೆಳೆಯರನ್ನು ಒಂದು ಮಧ್ಯಾಹ್ನ ಕೂರಿಸಿಕೊಳ್ಳಿ. ಆಮೇಲೆ ಸ್ಥಾವರದ ನಕ್ಷೆಯಲ್ಲಿ ಮನುಷ್ಯರು ದಿನವೂ ಕೂರುವ ಪ್ರತಿ ಜಾಗವನ್ನು, ಅಂದರೆ ಕಂಟ್ರೋಲ್ ರೂಮ್, ಪ್ರಯೋಗಾಲಯ, ವರ್ಕ್‌ಶಾಪ್, ಊಟದ ಕೋಣೆ, ಗುತ್ತಿಗೆಯವರ ತಾತ್ಕಾಲಿಕ ಕಚೇರಿ ಇವನ್ನೆಲ್ಲ ಗುರುತಿಸಿ, ಆ ಪಾತ್ರೆಯಿಂದ ಅವುಗಳಿಗಿರುವ ದೂರವನ್ನೂ ಗಾಳಿಯ ದಿಕ್ಕನ್ನೂ ಬರೆಯಿರಿ. ಊಟದ ಕೋಣೆ ಮತ್ತು ಗುತ್ತಿಗೆಯವರ ಕಚೇರಿಗಳನ್ನು ನಕ್ಷೆಯಲ್ಲಿ ತೋರಿಸಿದ ವಿದ್ಯಾರ್ಥಿ ವರದಿ ಬಹಳ ಅಪರೂಪ. ಪರೀಕ್ಷಕರು ಕೇಳದಿದ್ದರೂ ಆ ಎರಡನ್ನು ಬಿಡದೆ ಹಾಕಿ.